ನೂರಾ ಮೂವತ್ತೇಳನೆಯ ಪಾಯಿಂಟು

ಜಾಗದ ಗುರುತು ಹಾಕುವ ಆ ಜಿಪಿಎಸ್ ಮಷೀನು ಅಂಗೈಯಷ್ಟಿತ್ತು. ಬಿಸಿಲಲ್ಲಿ ಅದನ್ನು ಹಿಡಿದು ನಡೆಯುವ ಕೈ ಚನ್ನಮ್ಮನದು. ಸಂಜೆ ಆಫೀಸಿಗೆ ಬಂದಮೇಲೆ ಒದ್ದೆ ಟಿಶ್ಯೂ ತೆಗೆದು ಅದರ ಮುಂದೆ, ಹಿಂದೆ, ಗುಂಡಿಗಳ ಸಂದಿಯನ್ನೆಲ್ಲ ಒರೆಸಿ ಮೇಜಿನ ಮೇಲೆ ಇಡುವ ಕೈ ಶಿವಕಾಂತನದು. ಧೂಳು ಎಂದು ಅವನು ಹೇಳುತ್ತಿದ್ದ. ಜೀಪಿನ ಚಾವಿಗೂ ಅಷ್ಟೇ ಧೂಳು ಇರುತ್ತಿತ್ತು. ಅದನ್ನು ಯಾರೂ ಒರೆಸುತ್ತಿರಲಿಲ್ಲ. ಜೀಪು ನಡೆಸುತ್ತಿದ್ದವನು ಅವನೇ ತಾನೆ.

ಚನ್ನಮ್ಮ ನಾಲ್ಕು ವರ್ಷ ಇದನ್ನು ನೋಡಿದಳು. ಒರೆಸಿ ಎಸೆದ ಟಿಶ್ಯೂಗಳ ಬುಟ್ಟಿಯನ್ನು ಕೆಳಗೆ ಒಯ್ದು ಸುರಿಯುವ ಕೆಲಸವೂ ಅವಳದೇ ಆಗಿತ್ತು.

ಕಂಪನಿ ನರಹರಿಯದು. ಬೀದರಿನಿಂದ ಬರಿಗೈಯಲ್ಲಿ ನಾಸಿಕಕ್ಕೆ ಬಂದೆ ಎಂದು ಸಿಕ್ಕವರಿಗೆಲ್ಲ ಹೇಳುವ ಮನುಷ್ಯ. ಬರುವಾಗ ಅಪ್ಪನ ಅಂಗಡಿ ಮಾರಿದ ದುಡ್ಡು ತಂದಿದ್ದನ್ನು ಮಾತ್ರ ಹೇಳುತ್ತಿರಲಿಲ್ಲ. ಮೊದಲು ಝೆರಾಕ್ಸ್ ಅಂಗಡಿ, ಆಮೇಲೆ ಟೆಂಡರು, ಈಗ ದ್ವಾರಕಾ ಸರ್ಕಲ್ಲಿನ ಹತ್ತಿರ ಎರಡು ಕೋಣೆಯ ಸರ್ವೇ ಆಫೀಸು. ಕನ್ನಡ ಸಂಘದ ಅಧ್ಯಕ್ಷನೂ ಅವನೇ. ನವೆಂಬರಿನಲ್ಲಿ ಸಂಘದ ವೇದಿಕೆ ಹತ್ತಿ ನಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಗಂಟಲು ಹರಿಯುವಂತೆ ಭಾಷಣ ಮಾಡುತ್ತಿದ್ದ. ಭಾಷಣ ಮುಗಿದು ಊಟಕ್ಕೆ ಕೂತಾಗ ಚನ್ನಮ್ಮನ ವಸ್ತಿಯವರ, ಅಂದರೆ ಅವಳ ಕೇರಿಯವರ ಪಂಕ್ತಿ ಮಾತ್ರ ಶಾಮಿಯಾನದ ಹಿಂದೆ, ಪಾತ್ರೆ ತೊಳೆಯುವ ಕಡೆ. ಆ ತಾಯಿಗೆ ಹಿತ್ತಲ ಮಕ್ಕಳೂ ಇದ್ದರು ಅಂತ ಕಾಣುತ್ತದೆ.

ಶಿವಕಾಂತ ಅವನ ಅಕ್ಕನ ಮಗ. ಮೂರು ಸಲ ಡಿಪ್ಲೊಮಾ ಕಟ್ಟಿ ಮೂರು ಸಲವೂ ಬಿಟ್ಟವನು. ವಿಸಿಟಿಂಗ್ ಕಾರ್ಡಿನ ಮೇಲೆ ಇಂಜಿನಿಯರ್ ಎಂದು ಅಚ್ಚು ಹಾಕಿಸಿದ್ದ. ನಾಸಿಕದಲ್ಲೇ ಹುಟ್ಟಿ ಬೆಳೆದವನು. ಕನ್ನಡ ತಿಳಿಯುತ್ತಿತ್ತು, ಅರ್ಧಂಬರ್ಧ ಆಡುತ್ತಿದ್ದ, ಒಂದಕ್ಷರ ಓದಲು ಬಾರದು. ಬೈಗುಳ ಮಾತ್ರ ಸ್ಪಷ್ಟ. ತನ್ನ ತಾಯಿಯ ವಯಸ್ಸಿನವಳನ್ನು ಏ ಚನ್ನಿ ಎಂದೇ ಕರೆಯುತ್ತಿದ್ದ.

ಆ ವರ್ಷ ಕಂಪನಿಗೆ ನೀರಿನ ಕೆಲಸ ಬಂತು. ಯಾವ ಪಟ್ಟಿಯಲ್ಲೂ ಇಲ್ಲದ ವಸ್ತಿಗಳನ್ನು ಹುಡುಕಿ, ಪ್ರತಿಯೊಂದರ ಜಾಗವನ್ನು ಮಷೀನಿನಲ್ಲಿ ಗುರುತು ಹಾಕಿಕೊಂಡು ಬರಬೇಕು. ಗುರುತು ಇದ್ದಲ್ಲಿಗೆ ಮುಂದೆ ನಲ್ಲಿ ಬರುತ್ತದೆ. ಗುರುತು ಇಲ್ಲದಿದ್ದರೆ ಇಲ್ಲ. ಸಿನ್ನರ್ ಕಡೆಯಿಂದ ಸಟಾಣಾ ತನಕ ಇನ್ನೂರಾ ಹನ್ನೆರಡು ಪಾಯಿಂಟು. ಇನ್ನೂರಾ ಹನ್ನೆರಡನ್ನೂ ನಡೆದದ್ದು ಚನ್ನಮ್ಮ. ಜೀಪು ಡಾಂಬರು ಮುಗಿಯುವಲ್ಲಿ ನಿಲ್ಲುತ್ತಿತ್ತು. ಶಿವಕಾಂತ ಒಳಗೆ ಎ.ಸಿ. ಹಾಕಿಕೊಂಡು ಫೋನು ನೋಡುತ್ತಿದ್ದ. ಅವಳು ತಲೆಯ ಮೇಲೆ ಗುರುತಿನ ಕಲ್ಲು, ಬಗಲಲ್ಲಿ ಸುತ್ತಿಗೆ, ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದು ದಾಳಿಂಬೆ ತೋಟದ ಬೇಲಿ ಸುತ್ತಿ, ಹಳ್ಳ ಇಳಿದು, ಗುಡ್ಡ ಹತ್ತಿ ಹೋಗುತ್ತಿದ್ದಳು. ಮಷೀನನ್ನು ಆಕಾಶಕ್ಕೆ ಹಿಡಿದು, ಜಾಗ ಎಷ್ಟು ತಪ್ಪಬಹುದೆಂದು ತೋರಿಸುವ ಅದರ ಅಂಕಿ ಮೂರು ಮೀಟರಿಗೆ ಇಳಿಯುವ ತನಕ ಅಲ್ಲಾಡದೆ ನಿಂತು, ಆಮೇಲೆ ಗುಂಡಿ ಒತ್ತಬೇಕು. ಮೇ ತಿಂಗಳಲ್ಲಿ ಹಾಗೆ ನಿಂತರೆ ಚಪ್ಪಲಿಯ ರಬ್ಬರು ಕಾಲಿಗೆ ಅಂಟುತ್ತಿತ್ತು.

ಒಮ್ಮೆ ಬ್ಯಾಟರಿ ಬಿದ್ದು ಒಂದು ದಿನದ ಪಾಯಿಂಟು ಹಾಳಾದವು. ಶಿವಕಾಂತ ಅವಳನ್ನು ಮತ್ತೆ ಹತ್ತೊಂಬತ್ತು ಕಿಲೋಮೀಟರು ನಡೆಸಿದ. ಅಂದಿನಿಂದ ಅವಳು ಒತ್ತಿದ ಪ್ರತಿ ಪಾಯಿಂಟಿನ ಅಂಕಿಗಳನ್ನು ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಳು. ಭಾಲ್ಕಿಯ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದವಳು. ಬರೆದದ್ದೆಲ್ಲ ಕನ್ನಡ ಅಂಕಿಯಲ್ಲಿ.

ನೂರಾ ಮೂವತ್ತೇಳನೆಯ ಪಾಯಿಂಟು ಅವಳ ಸ್ವಂತ ವಸ್ತಿ.

ಸಿನ್ನರಿನಾಚೆ ಒಂದು ಮುಚ್ಚಿದ ಕಲ್ಲಿನ ಖಾಣಿ, ಅಂದರೆ ಗಣಿ. ಇಪ್ಪತ್ತೈದು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರ ಭಾಲ್ಕಿಯ ಮಾದರ ಕೇರಿಯಿಂದ ನಲವತ್ತೊಂದು ಸಂಸಾರಗಳನ್ನು ಲಾರಿಯಲ್ಲಿ ತುಂಬಿ ತಂದಿದ್ದ. ಫ್ಯಾಕ್ಟರಿಗಳ ರಸ್ತೆಗೆ ಇವರೇ ಕಲ್ಲು ಒಡೆದರು. ರಸ್ತೆ ಆಯಿತು. ಖಾಣಿ ಮುಚ್ಚಿತು. ಗುತ್ತಿಗೆದಾರ ಹೋದ. ಚನ್ನಮ್ಮನ ಗಂಡ ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಸತ್ತ. ಉಳಿದವರು ಅಲ್ಲೇ ಉಳಿದರು. ಕುಡಿಯುವುದು ಖಾಣಿಯ ಗುಂಡಿಯ ನೀರು, ಹಸಿರು ಬಣ್ಣದ್ದು. ಇಳಿಜಾರಿನಲ್ಲಿ ಕೊಡ ಹೊತ್ತು ಹತ್ತುವಾಗ ಅವಳ ಅತ್ತೆ ಗುಂಡವ್ವ ಬಿದ್ದು ಮಂಡಿ ಮುರಿದುಕೊಂಡಿದ್ದಳು. ಮಕ್ಕಳ ಮೈತುಂಬ ತುರಿ.

ಈ ಪಾಯಿಂಟು ಹಾಕಿದ ದಿನ ಚನ್ನಮ್ಮ ಗುಂಡವ್ವನ ಬಾಗಿಲ ಮುಂದೆ ಕಲ್ಲು ನೆಟ್ಟು, ಕೆಂಪು ಬಣ್ಣದಲ್ಲಿ ೧೩೭ ಬರೆದು, ಮಷೀನು ಎತ್ತಿ ಹಿಡಿದು ನಿಂತಿದ್ದಳು. ಕೇರಿಗೆ ಕೇರಿಯೇ ಸುತ್ತ ನಿಂತಿತ್ತು. ಗುಂಡಿ ಒತ್ತಿದಾಗ ಟಿಕ್ ಎಂದಿತು. ಮುದುಕಿ ಕೇಳಿದಳು, “ಇದರಾಗ ನಮ್ಮ ಮನಿ ಬಂತೇನವ್ವಾ?”

“ಬಂತು ಅತ್ತಿ. ಇನ್ನ ಯಾರಿಗೂ ತೆಗಿಲಿಕ್ಕಾಗಲ್ಲ,” ಎಂದಳು ಚನ್ನಮ್ಮ.

ಹಾಗೆಂದದ್ದು ತಪ್ಪು. ತೆಗೆಯುವುದು ಬಹಳ ಸುಲಭವಿತ್ತು.

ಹದಿನೈದು ದಿನದ ಮೇಲೆ ಆಫೀಸಿನ ನೆಲ ಒರೆಸುವಾಗ ಅವಳು ಕಂಪ್ಯೂಟರಿನ ದೊಡ್ಡ ಪರದೆ ನೋಡಿದಳು. ನಕಾಶೆಯ ಮೇಲೆ ಇನ್ನೂರಾ ಹನ್ನೆರಡು ಹಳದಿ ಪಿನ್ನು. ಶಿವಕಾಂತ ಒಂದನ್ನು ಮೌಸಿನಿಂದ ಒತ್ತಿ ಹಿಡಿದು ಎಳೆದ. ಖಾಣಿಯ ಕಪ್ಪು ಗುಂಡಿಯ ಮಗ್ಗುಲಿಂದ ಅದು ಎದ್ದಿತು. ಹೆದ್ದಾರಿ ದಾಟಿ ನಾಲ್ಕು ಕಿಲೋಮೀಟರು ಆಚೆ, ಒಂದು ನೀಲಿ ಚೌಕದ ಹತ್ತಿರ ಕೂತಿತು. ಹೆಸರು ಖಾಣಿ ವಸ್ತಿಯೇ. ನಂಬರು ನೂರಾ ಮೂವತ್ತೇಳೇ. ನಲವತ್ತೊಂದು ಮನೆ ಎತ್ತಿ ಇಡುವುದಕ್ಕೆ ಅವನಿಗೆ ಕುರ್ಚಿಯಿಂದ ಏಳುವ ಕಷ್ಟವೂ ಆಗಲಿಲ್ಲ.

ನೀಲಿ ಚೌಕ ಈಜುಗೊಳ. ಆ ರೆಸಾರ್ಟು ನರಹರಿಯ ಹೆಂಡತಿಯ ತಮ್ಮನದು. ನಾಸಿಕದ ಮಂದಿ ಶನಿವಾರ ಕಾರು ಹತ್ತಿ ಬಂದು ಹಳ್ಳಿ ನೋಡಿ ಹೋಗುವ ಜಾಗ. ಎತ್ತಿನ ಗಾಡಿಯಲ್ಲಿ ಒಂದು ಸುತ್ತು, ಬೀಸುಕಲ್ಲಿನ ಮುಂದೆ ಒಂದು ಫೋಟೊ, ಮಣ್ಣು ಮೆತ್ತಿದ ಗುಡಿಸಲು, ಗುಡಿಸಲಿಗೆ ಎ.ಸಿ. ಅಲ್ಲಿದ್ದ ಬೋರು ಬತ್ತಿತ್ತು. ನೀರು ಬೇಕಾಗಿತ್ತು.

ಚನ್ನಮ್ಮ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದೇ ಕೇಳಿದಳು, ಇದು ಅಲ್ಲಿ ಯಾಕೆ ಹೋಯಿತು ಎಂದು. ಶಿವಕಾಂತ ನಿನ್ನ ಕೆಲಸ ನೋಡು ಎಂದ. ಒಳಗಿನ ಕೋಣೆಯಿಂದ ನರಹರಿ ಬಂದ. ಅವನಿಗೆ ನಾಚಿಕೆಯೇನೂ ಆಗಲಿಲ್ಲ. ಉಪಕಾರ ಮಾಡುವವನಂತೆ ವಿವರಿಸಿದ. ತಪಾಸಣೆಯ ದಿನ ಟೆಂಪೊ ಕಳಿಸುತ್ತೇನೆ, ನಿಮ್ಮ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ರೆಸಾರ್ಟಿನ ಗುಡಿಸಲ ಮುಂದೆ ನಿಂತುಕೊಳ್ಳಿ, ಸಾಹೇಬರು ಫೋಟೊ ತೆಗೆಯುತ್ತಾರೆ, ಒಬ್ಬೊಬ್ಬರಿಗೆ ಒಂದು ಸೀರೆ.

“ನೀರು ಬಂದ್ ಮ್ಯಾಲ ನೀವೂ ಅಲ್ಲಿಂದ ಒಯ್ಕೊಳ್ರಿ. ಹಿಂದಿನ ಗೇಟಿನ್ಯಾಗ ಒಂದು ನಳ ಬಿಡಸ್ತೀನಿ. ನಮ್ಮ ಕಡಿ ಮಂದಿ ಅಂತ ಇಷ್ಟ್ ಮಾಡ್ಲಕತ್ತೀನಿ.”

ಹಿಂದಿನ ಗೇಟು. ಶಾಮಿಯಾನದ ಹಿಂದೆ, ಗೇಟಿನ ಹಿಂದೆ. ಈ ಮನುಷ್ಯನ ಔದಾರ್ಯಕ್ಕೆ ಮುಂಬಾಗಿಲೇ ಇರಲಿಲ್ಲ. ಚನ್ನಮ್ಮ ಬಟ್ಟೆ ಹಿಂಡಿದಳು. ನೆಲ ಒರೆಸಿ ಮುಗಿಸಿದಳು.

ತಪಾಸಣೆಯ ಕಚೇರಿ ಇದ್ದದ್ದು ನಾಸಿಕದಿಂದ ದೂರ, ಸಂಭಾಜಿನಗರದಲ್ಲಿ. ಇಲ್ಲಿಯವರ ಕೆಲಸವನ್ನು ಇಲ್ಲಿಯವರೇ ನೋಡಿದರೆ ಲಂಚ ನಡೆಯುತ್ತದೆಂದು ಇಲಾಖೆ ಹಾಗೆ ಮಾಡಿತ್ತು. ಅಲ್ಲಿಯ ಸಾಹೇಬರ ಹತ್ತಿರ ಅವರದೇ ಮಷೀನು ಇರುತ್ತದೆ. ಕಂಪನಿಯವರು ಲ್ಯಾಪ್‌ಟಾಪು ಒಯ್ದು, ಕೇಬಲ್ ಹಾಕಿ, ಉಳಿಸಿಟ್ಟ ಪಾಯಿಂಟುಗಳನ್ನೆಲ್ಲ ಸಾಹೇಬರ ಕಣ್ಣೆದುರೇ ಅದಕ್ಕೆ ಸಾಗಿಸಬೇಕು. ಮರುದಿನದಿಂದ ಸಾಹೇಬರು ಮಷೀನಿನ ಬಾಣ ತೋರಿಸಿದ ಕಡೆ ಹೋಗಿ ನೋಡಿ ಬರುತ್ತಾರೆ. ಬಾಣ ಎಲ್ಲಿಗೆ ಒಯ್ಯುತ್ತದೋ ಅದೇ ವಸ್ತಿ. ಮೊದಲ ದಿನಕ್ಕೆ ನೂರಾ ಮೂವತ್ತೇಳನ್ನೇ ನೋಡುವುದೆಂದು ನರಹರಿ ಗೊತ್ತು ಮಾಡಿಸಿದ್ದ. ಆ ವರ್ಷದ ಪಾಯಿಂಟು ಸಾಗಿಸಲು ಕೊನೆಯ ದಿನ ಒಂದು ಬುಧವಾರ. ತಪ್ಪಿದರೆ ಇನ್ನೂರಾ ಹನ್ನೆರಡೂ ರದ್ದು.

ಬುಧವಾರ ನಸುಕಿನಲ್ಲಿ ಹೊರಡುವಾಗ ಶಿವಕಾಂತ ಡ್ರಾಯರಿನಿಂದ ಒಂದು ಕರಿ ಕೇಬಲ್ ತೆಗೆದು ಬ್ಯಾಗಿಗೆ ಹಾಕಿಕೊಂಡ. ಚನ್ನಮ್ಮ ನೋಡಿದಳು. ಅದು ಬರೇ ಚಾರ್ಜಿಂಗಿನ ಕೇಬಲ್. ಪಿನ್ನು ಹೊಂದುತ್ತದೆ, ದೀಪ ಹತ್ತುತ್ತದೆ, ಪಾಯಿಂಟು ಮಾತ್ರ ಹೋಗುವುದಿಲ್ಲ. ಪಾಯಿಂಟು ಸಾಗಿಸುವ ಕೇಬಲ್ ಬೇರೆ. ಎರಡೂ ನೋಡಲು ಒಂದೇ ತರಹ. ಗೊತ್ತಾಗಲಿ ಎಂದು ಸಾಮಾನು ಕಾಯುವ ಚನ್ನಮ್ಮನೇ ಅದಕ್ಕೆ ಕೆಂಪು ದಾರ ಕಟ್ಟಿದ್ದಳು. ಹಿಂದೆ ಒಮ್ಮೆ ಅವನು ಹೀಗೆಯೇ ತಪ್ಪು ಕೇಬಲ್ ಹಾಕಿದಾಗ ಅದಲ್ಲರಿ ಎಂದಿದ್ದಳು. ನಿನಗೇನು ತಿಳಿಯುತ್ತದೆ ಎಂದು ಎಲ್ಲರೆದುರು ಬೈದಿದ್ದ. ಈ ಸಲ ಅವಳು ಹೇಳಲಿಲ್ಲ. ಕೆಂಪು ದಾರದ ಕೇಬಲನ್ನು ಸೊಂಟಕ್ಕೆ, ಸೀರೆಯ ಮೇಲೆ ಎರಡು ಸುತ್ತು ಸುತ್ತಿ ಗಂಟು ಹಾಕಿ ಸೆರಗು ಮುಚ್ಚಿಕೊಂಡಳು. ನೋಟ್‌ಬುಕ್ಕನ್ನು ಮಡಿಲಿಗೆ ಸಿಕ್ಕಿಸಿಕೊಂಡಳು.

ಕಚೇರಿ ಮೂರನೆಯ ಮಹಡಿ. ಶಿವಕಾಂತ ಲಿಫ್ಟಿನಲ್ಲಿ ಹೋದ. ಫಾರ್ಮುಗಳ ನಾಲ್ಕು ಗಂಟುಗಳನ್ನು ಅವಳು ನಾಲ್ಕು ಸಲ ಮೆಟ್ಟಿಲು ಹತ್ತಿ ಮೇಲೊಯ್ದು, ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕ ಕೂತಳು. ಸಾಹೇಬರ ಮೀಟಿಂಗು ಮುಗಿಯುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ಒಳಗೆ ತಪಾಸಣೆಯ ಮಧುಕರ ಸಾಹೇಬರು ಕಪಾಟಿನ ಬೀಗ ತೆಗೆದು ಮಷೀನು ಹೊರತಂದರು. ದಸರೆಯ ಪೂಜೆಯಲ್ಲಿ ಹಚ್ಚಿದ ಕುಂಕುಮ ಇನ್ನೂ ಅದರ ನೆತ್ತಿಯ ಮೇಲಿತ್ತು. ಅಂದರೆ ದಸರೆಯಿಂದ ಅದಕ್ಕೆ ಪೂಜೆ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ.

ಶಿವಕಾಂತ ಕರಿ ಕೇಬಲ್ ಚುಚ್ಚಿದ. ದೀಪ ಹತ್ತಿತು. ಲ್ಯಾಪ್‌ಟಾಪಿನಲ್ಲಿ ಮಷೀನು ಕಾಣಲಿಲ್ಲ. ತೆಗೆದು ಮತ್ತೆ ಚುಚ್ಚಿದ. ಲ್ಯಾಪ್‌ಟಾಪು ಮುಚ್ಚಿ ತೆರೆದ. ಪಕ್ಕದ ಕೋಣೆಯ ಇಬ್ಬರು ಇಂಜಿನಿಯರುಗಳು ಬಂದರು. ಒಬ್ಬ ಪಿನ್ನಿಗೆ ಬಾಯಿಂದ ಊದಿದ. ಇನ್ನೊಬ್ಬ ವೈರಸ್ ಎಂದ. ಮೆಮೊರಿ ಕಾರ್ಡು ಹಾಕೋಣವೆಂದರೆ ಆ ಹಳೆಯ ಮಾದರಿಗೆ ಕಾರ್ಡಿನ ಜಾಗವಿರಲಿಲ್ಲ. ಕೈಯಿಂದ ಒಂದೊಂದೇ ಹಾಕೋಣವೆಂದರೆ ಇನ್ನೂರಾ ಹನ್ನೆರಡು ಪಾಯಿಂಟು, ಸಂಜೆಯೊಳಗೆ ಆಗುವ ಮಾತಲ್ಲ. ಜವಾನ ಪೈಠಣ್ ಗೇಟಿನ ಬಜಾರಿಗೆ ಹೋಗಿ ಹೊಸ ಕೇಬಲ್ ತಂದ. ಅದೂ ಚಾರ್ಜಿಂಗಿನದೇ. ಇಷ್ಟು ಓದಿದ ತಲೆಗಳು ಒಂದು ತಂತಿಯ ಮುಂದೆ ಒಂದೂವರೆ ತಾಸು ಬೆವರುವುದನ್ನು ಚನ್ನಮ್ಮ ಬಾಗಿಲ ಸಂದಿಯಿಂದ ನೋಡಿದಳು. ನಗು ಬಂತು. ನುಂಗಿಕೊಂಡಳು.

ಕೊನೆಗೆ ಶಿವಕಾಂತನಿಗೆ ಕೆಂಪು ದಾರ ನೆನಪಾಯಿತು. ಹೊರಗೆ ಬಂದ.

“ಏ ಚನ್ನಿ, ಆ ಕೆಂಪ್ ದಾರದ್ ಕೇಬಲ್ ಎಲ್ಲದ?”

“ನನ್ನ ಹತ್ರನೇ ಅದರಿ.”

“ಕೊಡ್.”

“ಕೊಡಂಗಿಲ್ರಿ.”

ಚಾಚಿದ ಕೈ ಹಾಗೇ ನಿಂತಿತು. ಚನ್ನಮ್ಮ ಎದ್ದಳು. ಚಪ್ಪಲಿಗಳನ್ನು ದಾಟಿ ಒಳಗೆ ಬಂದು ಸಾಹೇಬರ ಮೇಜಿನ ಮುಂದೆ ನಿಂತಳು. ಸೆರಗು ಸರಿಸಿದಳು. ಕೇಬಲ್ ಅವಳ ಸೊಂಟದಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಶಿವಕಾಂತ ಎರಡು ಹೆಜ್ಜೆ ಮುಂದೆ ಬಂದ. ಅಲ್ಲೇ ನಿಂತ. ಕಸಿದುಕೊಳ್ಳಬೇಕೆಂದರೆ ಮುಟ್ಟಬೇಕು. ಅವಳು ಹಿಡಿದ ಮಷೀನನ್ನೇ ಒರೆಸಿ ಮುಟ್ಟುವವನು ಅವಳ ಸೊಂಟಕ್ಕೆ ಕೈ ಹಾಕುವುದು ಹೇಗೆ? ಜವಾನನನ್ನು ನೋಡಿದ. ಜವಾನ ಕಿಟಕಿಯ ಕಡೆ ನೋಡಿದ. ಅಜ್ಜ ಮುತ್ತಜ್ಜರ ಕಾಲದಿಂದ ಇವರು ಕಾಪಾಡಿಕೊಂಡು ಬಂದ ಮಡಿ ಒಂದು ದಿನವಾದರೂ ಚನ್ನಮ್ಮನ ಕಡೆಗಿತ್ತು.

“ನೂರಾ ಮೂವತ್ತೇಳು ಅದರ ಜಾಗಕ್ಕ ಹೊಳ್ಳಿ ಇಡ್ರಿ. ಆಮ್ಯಾಲ ಕೇಬಲ್.”

ಶಿವಕಾಂತ ಹಲ್ಲು ಕಚ್ಚಿ, ಸಾಹೇಬರಿಗೆ ತಿಳಿಯದಿರಲೆಂದು ಕನ್ನಡದಲ್ಲೇ ಪಿಸುಗುಟ್ಟಿದ, ಬಾಯಿ ಮುಚ್ಚು, ಹೊರಗೆ ನಡಿ ಎಂದು. ತಾಯಿಭಾಷೆ ಅವನಿಗೆ ಬೇಕಾದದ್ದು ಇದಕ್ಕೇ. ಚನ್ನಮ್ಮ ಸಾಹೇಬರ ಕಡೆ ತಿರುಗಿ ಮರಾಠಿಯಲ್ಲಿ, ಹೊರಗಿನವರಿಗೂ ಕೇಳುವಂತೆ ಹೇಳಿದಳು, “ಸಾಹೇಬ, ಹಾ ಪಾಯಿಂಟ್ ಖೋಟಾ ಆಹೇ.” ಈ ಪಾಯಿಂಟು ಸುಳ್ಳು. ವಸ್ತಿ ಇಲ್ಲಿಲ್ಲ. ಇದು ಇವರ ನೆಂಟನ ಈಜುಗೊಳ.

ಮಧುಕರ ಸಾಹೇಬರಿಗೆ ಸಿಟ್ಟು ಬಂತು. ಪಾಯಿಂಟು ಸುಳ್ಳೆಂದಲ್ಲ, ಊಟಕ್ಕೆ ತಡವಾಯಿತೆಂದು. ಇದು ನಿಮ್ಮ ಕಂಪನಿಯ ಒಳಗಿನ ಜಗಳ, ನನಗೆ ಐದು ಗಂಟೆಯೊಳಗೆ ಇನ್ನೂರಾ ಹನ್ನೆರಡು ಬೇಕು, ಯಾವುದು ಎಲ್ಲಿ ಎನ್ನುವುದನ್ನು ನೀವೇ ನೋಡಿಕೊಳ್ಳಿ ಎಂದರು. ನಲವತ್ತೊಂದು ಮನೆಯ ನೀರು ಅವರ ಟಿಫಿನ್ ಡಬ್ಬಿಗಿಂತ ಚಿಕ್ಕದಾಗಿತ್ತು.

ಶಿವಕಾಂತ ಮಾವನಿಗೆ ಫೋನು ಹಚ್ಚಿದ. ಅವಳ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟ. ನರಹರಿ ಮೊದಲು ನಯವಾಗಿ ಮಾತಾಡಿದ. ಆಮೇಲೆ ಕೂಗಿದ.

“ನಾಕ್ ವರ್ಷ ನಿನಗ ಅನ್ನ ಹಾಕೀನಿ, ನೆನಪಿಟ್ಕೊ.”

“ನೀವು ಹಾಕಿಲ್ರಿ ಸಾವ್ಕಾರ್ರೇ. ನಾ ನಡದೀನಿ. ಇನ್ನೂರಾ ಹನ್ನೆರಡು ಕಡಿ ನಡದೀನಿ.”

“ನಾಳಿಂದ ಕೆಲಸಕ್ಕ ಬರಬ್ಯಾಡ.”

“ನಾಳಿ ಬರ್ತೀನ್ರಿ. ನಾಳಿ ನಮ್ಮ ವಸ್ತಿಗಿ ಸಾಹೇಬ್ರು ಬರ್ಲಕತ್ತಾರ. ನಾಡಿದ್ದಿಂದ ನೀವು ಕರದ್ರೂ ಬರಂಗಿಲ್ಲ.”

ಒಂದು ಪಾಯಿಂಟು ಬಿಡುವುದೋ, ಇನ್ನೂರಾ ಹನ್ನೆರಡು ಬಿಡುವುದೋ ಎಂದು ನರಹರಿ ತೂಗುತ್ತಿದ್ದ. ಅವನಿಗೆ ತೂಗುವುದು ಬರುತ್ತಿತ್ತು. ಹಾಕು, ಹಾಳಾಗಿ ಹೋಗಲಿ ಎಂದು ಸೋದರಳಿಯನಿಗೆ ಹೇಳಿದ.

ಆದರೆ ಪಿನ್ನನ್ನು ಎಳೆದವನು ಹಳೆಯ ಅಂಕಿ ಉಳಿಸಿಟ್ಟಿರಲಿಲ್ಲ. ಚನ್ನಮ್ಮ ನೋಟ್‌ಬುಕ್ಕು ತೆಗೆದಳು. ಶಿವಕಾಂತ ಬಗ್ಗಿ ನೋಡಿದ. ಪುಟದ ತುಂಬ ಕನ್ನಡ ಅಂಕಿಗಳು. ಕನ್ನಡ ಸಂಘದ ಅಧ್ಯಕ್ಷನ ಸೋದರಳಿಯ ಮಿಕಮಿಕ ನೋಡಿದ.

“ಓದ್,” ಎಂದ.

“ಓದ್ರಿ ಅನ್ರಿ.”

ಶಿವಕಾಂತನ ಕಿವಿ ಕೆಂಪಾಯಿತು. ಗೋಡೆಯ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು.

“ಓದ್ರಿ,” ಎಂದ.

ಅವಳು ಓದಿದಳು. ಉತ್ತರ ಹತ್ತೊಂಬತ್ತು ಡಿಗ್ರಿ. ಐವತ್ತು ಪಾಯಿಂಟ್ ನಾಲ್ಕು ಒಂದು ಎರಡು. ಅವನು ಒತ್ತಿದ. ಅವಳು ಓದಿದಳು. ಪೂರ್ವ ಎಪ್ಪತ್ತನಾಲ್ಕು ಡಿಗ್ರಿ. ಸೊನ್ನೆ ಪಾಯಿಂಟ್ ಎಂಟು ಏಳು ಮೂರು. ಅವನು ಒತ್ತಿದ. ಎಂಟರ ಬದಲು ಆರು ಒತ್ತಿದಾಗ ಅವಳು ಆರಲ್ಲ, ಎಂಟು ಎಂದಳು. ಅಳಿಸಿ ಎಂಟು ಒತ್ತಿದ. ಪಿನ್ನು ಈಜುಗೊಳದಿಂದ ಮಾಯವಾಗಿ ಖಾಣಿಯ ಕಪ್ಪು ಗುಂಡಿಯ ಮಗ್ಗುಲಲ್ಲಿ ಕೂತಿತು. ಮೇಲಿನಿಂದ ತೆಗೆದ ಆ ಚಿತ್ರದಲ್ಲಿ ಗುಂಡವ್ವನ ಮನೆಯ ಮೇಲೆ ಹೊದಿಸಿದ ನೀಲಿ ತಾಡಪತ್ರಿ ಕೂಡ ಕಾಣುತ್ತಿತ್ತು. ಚನ್ನಮ್ಮ ಅದನ್ನು ನೋಡಿ ಖಾತ್ರಿ ಮಾಡಿಕೊಂಡಳು.

ಆಮೇಲೆ ಸೊಂಟದ ಗಂಟು ಬಿಚ್ಚಿದಳು. ಕೇಬಲನ್ನು ಅವನ ಕೈಗೆ ಕೊಡಲಿಲ್ಲ. ತಾನೇ ಮಷೀನು ಎತ್ತಿಕೊಂಡು ಚುಚ್ಚಿದಳು. ಪುಟ್ಟ ಪರದೆಯ ಮೇಲೆ ಕಂಪ್ಯೂಟರಿನ ಚಿತ್ರ ಮೂಡಿತು. ಫೈಲು ಹೋಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಕೇಬಲ್ ಕಿತ್ತು, ಗುಂಡಿ ಒತ್ತಿ ನೂರಾ ಮೂವತ್ತೇಳನ್ನು ಹುಡುಕಿ ನೋಡಿದಳು. ಅಂಕಿ ಅಂಕಿಯೂ ಸರಿಯಾಗಿತ್ತು. ಮಷೀನನ್ನು ಮೇಜಿನ ಮೇಲಿಟ್ಟಳು.

ಅಷ್ಟೆಲ್ಲ ಆದಮೇಲೂ ಶಿವಕಾಂತನ ಕೈ ತಾನಾಗಿ ಜೇಬಿಗೆ ಹೋಯಿತು. ಒದ್ದೆ ಟಿಶ್ಯೂ ತೆಗೆದ. ಕುಂಕುಮವೊಂದನ್ನು ಬಿಟ್ಟು ಮಷೀನನ್ನೆಲ್ಲ ಒರೆಸಿ ಸಾಹೇಬರಿಗೆ ಕೊಟ್ಟ. ಟಿಶ್ಯೂ ಪಾಕೀಟನ್ನು ಮೇಜಿನ ಮೇಲೆಯೇ ಮರೆತು ಲ್ಯಾಪ್‌ಟಾಪು ಮಡಚಿದ. ಚನ್ನಮ್ಮ ಆ ಪಾಕೀಟು ಎತ್ತಿಕೊಂಡಳು. ಸಾಮಾನು ಕಾಯುವುದು ಇನ್ನೂ ಒಂದು ದಿನ ಅವಳ ಕೆಲಸವೇ ಆಗಿತ್ತು.

ಮರುದಿನ ಬೆಳಗ್ಗೆ ರೆಸಾರ್ಟಿನ ಟೆಂಪೊ ಸೀರೆಗಳ ಗಂಟು ಹೊತ್ತು ಖಾಣಿಗೆ ಬಂತು. ಹೆಂಗಸರನ್ನು ಕರೆದೊಯ್ದರೆ ಸಾಹೇಬರನ್ನೂ ರೆಸಾರ್ಟಿಗೇ ಕರೆಸಬಹುದೆಂದು ನೆಂಟನಿಗೆ ಇನ್ನೂ ಆಸೆ ಇತ್ತು. ಯಾವ ಹೆಂಗಸೂ ಹತ್ತಲಿಲ್ಲ. ಗುಂಡವ್ವ ಮುರಿದ ಮಂಡಿ ಚಾಚಿಕೊಂಡು ಟೆಂಪೊದ ಮುಂದೆಯೇ ಕೂತು, ಆ ಸೀರಿ ಒಯ್ದು ನಿಮ್ಮ ಈಜೋ ಗುಂಡಿಗಿ ಹೊಚ್ರಿ ಅಂದಳು. ಟೆಂಪೊ ಹಿಂದಕ್ಕೇ ಹೋಯಿತು.

ಹನ್ನೊಂದಕ್ಕೆ ಮಧುಕರ ಸಾಹೇಬರು ಬಾಣ ನೋಡುತ್ತ ಬಂದರು. ನೂರಾ ಮೂವತ್ತೇಳರ ಕಲ್ಲಿನ ಹತ್ತಿರ ಮಷೀನು ಕೂಗಿತು. ಗುಂಡವ್ವ ಗುಂಡಿಯ ನೀರನ್ನು ಒಂದು ಗಿಂಡಿಯಲ್ಲಿ ತಂದು ಮುಂದೆ ಹಿಡಿದಳು. ಸಾಹೇಬರು ನೀರಿನ ಬಣ್ಣ ನೋಡಿದರು. ಕುಡಿಯಲಿಲ್ಲ. ಕಾರಿನಲ್ಲಿ ಬಾಟಲಿ ಇದೆ ಎಂದರು. ಫಾರ್ಮಿನ ಮೇಲೆ ಮಾತ್ರ ಸಹಿ ಹಾಕಿದರು. ನೂರಾ ಮೂವತ್ತೇಳು, ಇದೆ. ನಲ್ಲಿ ಯಾವಾಗ ಬರುತ್ತದೋ, ಅದಕ್ಕೆ ಇನ್ನೆಷ್ಟು ಮೇಜುಗಳ ಮುಂದೆ ನಿಲ್ಲಬೇಕೋ ಚನ್ನಮ್ಮನಿಗೆ ಗೊತ್ತಿರಲಿಲ್ಲ. ಆದರೆ ಇಲ್ಲ ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ.

ನರಹರಿಯೂ ಬಂದಿದ್ದ. ಏನೂ ಆಗಿಲ್ಲವೆಂಬಂತೆ ಹಲ್ಲು ಕಿರಿಯುತ್ತಿದ್ದ. ಇವರೆಲ್ಲ ನಮ್ಮ ಕಡೆಯವರು ಸಾಹೇಬರೇ, ಈ ಪಾಯಿಂಟು ಹಾಕಿಸಲು ನಾನು ಬಹಳ ಓಡಾಡಿದ್ದೇನೆ ಎಂದು ಮರಾಠಿಯಲ್ಲಿ ಹೇಳುತ್ತಿದ್ದ. ವಸ್ತಿಯವರೊಬ್ಬರು ಮಷೀನು ಹಿಡಿದು ಕಲ್ಲಿನ ಪಕ್ಕ ನಿಲ್ಲಬೇಕು, ಫೋಟೊ ಬೇಕು ಎಂದರು ಸಾಹೇಬರು. ನರಹರಿ ಅವರ ಕೈಯಿಂದ ಮಷೀನು ಇಸಿದುಕೊಂಡು, ಎಲ್ಲರೂ ನೋಡುವಂತೆ, ಕೈಯಿಂದ ಕೈಗೇ ಕೊಡುವವನಂತೆ ಮುಂದೆ ಚಾಚಿದ.

“ಹಿಡಿ ಚನ್ನಮ್ಮ, ತಗೋ.”

ಚನ್ನಮ್ಮ ಎಂಬ ಪೂರಾ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಅವಳು ಮಡಿಲಿನಿಂದ ಟಿಶ್ಯೂ ಪಾಕೀಟು ತೆಗೆದಳು. ಒಂದು ಟಿಶ್ಯೂ ಎಳೆದು, ಅದನ್ನು ಅಡ್ಡ ಹಿಡಿದೇ ಮಷೀನು ತೆಗೆದುಕೊಂಡಳು. ಒರೆಸಿದಳು. ಮುಂದೆ ಒರೆಸಿದಳು, ಹಿಂದೆ ಒರೆಸಿದಳು. ಗುಂಡಿಗಳ ಸಂದಿಯಲ್ಲಿ ಉಗುರು ಹಾಕಿ ಒರೆಸಿದಳು. ಕುಂಕುಮವನ್ನೂ ಒರೆಸಿದಳು. ಅವಸರ ಮಾಡಲಿಲ್ಲ. ಸಾಹೇಬರು ಫೋನು ಎತ್ತಿ ಹಿಡಿದು ಕಾಯುತ್ತಿದ್ದರು. ವಸ್ತಿಯ ಹೆಂಗಸರು ಕೊಡ ಕೆಳಗಿಟ್ಟು ನೋಡುತ್ತಿದ್ದರು. ನರಹರಿಯ ಕೈ ಚಾಚಿದ್ದು ಚಾಚಿದ ಹಾಗೇ ಇತ್ತು.

ಒರೆಸಿ ಆದಮೇಲೆ ಆ ಟಿಶ್ಯೂವನ್ನು ಮಡಚಿ ಅವನ ಅಂಗೈಯಲ್ಲಿ ಹಾಕಿದಳು.

“ಬುಟ್ಟಿಗಿ ಹಾಕ್ರಿ,” ಎಂದಳು. ಮಷೀನು ಹಿಡಿದು ಕಲ್ಲಿನ ಪಕ್ಕ ನಿಂತಳು.